ಗಡ್ಡೆಯೊಳಗಿನ ಟಿ ಕೋಶಗಳಲ್ಲಿ 4-1ಬಿಬಿ ಕಾಣುತ್ತಿಲ್ಲ: ಆಂಟಿಬಾಡಿ ಬದಲಿಸಬೇಕಾ?

ಹೊಸಪೈಪೆಟ್:
ಎಲ್ಲರಿಗೂ ನಮಸ್ಕಾರ. ಒಂದು ವಿಷಯದಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ, ಅನುಭವ ಇರುವವರು ದಾರಿ ತೋರಿಸಿ.

ಮೆಲನೋಮಾ (ಒಂದು ಬಗೆಯ ಚರ್ಮದ ಕ್ಯಾನ್ಸರ್) ಗಡ್ಡೆಯ ತುಂಡುಗಳನ್ನು ಎನ್‌ಜೈಮ್ ಹಾಕಿ ಬಿಡಿಸಿ, ಒಳಗಿರುವ ಟಿ ಕೋಶಗಳನ್ನು (ರೋಗನಿರೋಧಕ ಬಿಳಿ ರಕ್ತಕೋಶಗಳು) ಫ್ಲೋ ಸೈಟೋಮೆಟ್ರಿಯಲ್ಲಿ, ಅಂದರೆ ಬಣ್ಣ ಅಂಟಿಸಿದ ಆಂಟಿಬಾಡಿ ಹಾಕಿ ಒಂದೊಂದೇ ಕೋಶದ ಹೊಳಪು ಅಳೆಯುವ ಯಂತ್ರದಲ್ಲಿ, ನೋಡುತ್ತಿದ್ದೇನೆ. ಯಾವ ಕೋ-ಸ್ಟಿಮ್ಯುಲೇಟರಿ (ಕೋಶದ ಉತ್ತೇಜನಕ್ಕೆ ಬಲ ಕೊಡುವ) ರಿಸೆಪ್ಟರ್‌ಗಳು ಮೇಲ್ಮೈ ಮೇಲೆ ಇವೆ ಅನ್ನುವುದು ನಮ್ಮ ಪ್ರಶ್ನೆ. ಪ್ಯಾನೆಲ್‌ನಲ್ಲಿ (ಒಟ್ಟಿಗೆ ಹಾಕುವ ಆಂಟಿಬಾಡಿಗಳ ಗುಂಪು) ಸಿಡಿ28, ಸಿಡಿ27, ಐಕಾಸ್, ಓಎಕ್ಸ್40 ಮತ್ತು 4-1ಬಿಬಿ ಇವೆ. ಸಿಡಿ28, ಐಕಾಸ್ ಚೆನ್ನಾಗಿ ಬರುತ್ತವೆ. ಓಎಕ್ಸ್40 ಸ್ವಲ್ಪ. 4-1ಬಿಬಿ ಮಾತ್ರ ಸಿಡಿ8 ಕೋಶಗಳಲ್ಲಿ (ಬೇರೆ ಕೋಶಗಳನ್ನು ಕೊಲ್ಲುವ ಬಗೆಯ ಟಿ ಕೋಶಗಳು) ಸೊನ್ನೆ ಅನ್ನುವ ಹಾಗೆ ಇದೆ.

ಕ್ಲೋನ್ (ಆಂಟಿಬಾಡಿಯ ನಿರ್ದಿಷ್ಟ ತಳಿ) 4ಬಿ4-1, ಬಣ್ಣ ಎಫ್‌ಐಟಿಸಿ (ಹಸಿರಾಗಿ ಹೊಳೆಯುವುದು). ಆರೋಗ್ಯವಂತರ ರಕ್ತದ ಕೋಶಗಳನ್ನು ಸಿಡಿ3/ಸಿಡಿ28 ಮಣಿಗಳಿಂದ ಒಂದು ದಿನ ಉತ್ತೇಜಿಸಿದರೆ ಇದೇ ಆಂಟಿಬಾಡಿ ಸಿಗ್ನಲ್ ಕೊಡುತ್ತದೆ. ಅಂದರೆ ಬಾಟಲಿ ಕೆಟ್ಟಿಲ್ಲ. ಲ್ಯಾಬ್‌ನಲ್ಲಿ ಹಿರಿಯರು "ಬೇರೆ ಕ್ಲೋನ್ ತರಿಸು" ಅನ್ನುತ್ತಿದ್ದಾರೆ. ನನಗೆ ಅದು ಸರಿ ಅನ್ನಿಸುತ್ತಿಲ್ಲ. ಏನು ಮಾಡಲಿ?

ಬಿಳಿಕೋಶ:
ಗಡ್ಡೆಯೊಳಗಿನ ಟಿ ಕೋಶಗಳು ಸುಸ್ತಾಗಿರುತ್ತವೆ. 4-1ಬಿಬಿ ಇರುವುದೇ ಇಲ್ಲ. ಸೊನ್ನೆಯೇ ನಿಜವಾದ ಉತ್ತರ ಇರಬಹುದು, ಅಲ್ವಾ?

ಗೇಟ್‌ನೋಡುವವ:
@ಬಿಳಿಕೋಶ ಅಷ್ಟು ಬೇಗ ತೀರ್ಪು ಕೊಡಬೇಡಿ. ಗಡ್ಡೆಯಲ್ಲಿರುವ ಸಿಡಿ8 ಕೋಶಗಳಲ್ಲಿ ಆ ಗಡ್ಡೆಯನ್ನೇ ಗುರುತಿಸುವವು ಯಾವುವು ಎಂದು ಹುಡುಕಲು ಸಿಡಿ137 ಬಳಸಬಹುದು ಅಂತ 2014ರಲ್ಲೇ ತೋರಿಸಿದ್ದಾರೆ. ಸಿಡಿ137 ಅಂದರೆ ಇದೇ 4-1ಬಿಬಿ. ಸುಸ್ತಾದ ಕೋಶ ಅಂದರೆ ಆಂಟಿಜನ್ (ಟಿ ಕೋಶ ಗುರುತಿಸುವ ವಸ್ತು) ಪದೇ ಪದೇ ನೋಡಿದ ಕೋಶ. ಅದರಲ್ಲಿ 4-1ಬಿಬಿ ಇರುವ ಸಾಧ್ಯತೆ ಜಾಸ್ತಿಯೇ ಹೊರತು ಕಡಿಮೆಯಲ್ಲ. ಆದರೆ ಶೇಕಡಾವಾರು ಸಣ್ಣದು, ಪ್ರಮಾಣವೂ ಮಂದ.

ಈಗ ಮೂಲ ಪ್ರಶ್ನೆಗೆ. ಹೊಸಪೈಪೆಟ್, ನಿಮ್ಮ ಪಾಸಿಟಿವ್ ಕಂಟ್ರೋಲ್ ಒಳ್ಳೆಯದು, ಆದರೆ ತುಂಬಾ ಉದಾರವಾದದ್ದು. ಮಣಿ ಹಾಕಿ ಉತ್ತೇಜಿಸಿದ ಕೋಶದಲ್ಲಿ 4-1ಬಿಬಿ ರಾಶಿ ರಾಶಿ ಬರುತ್ತದೆ. ಅಲ್ಲಿ ಯಾವ ಬಣ್ಣ ಹಾಕಿದರೂ ಕಾಣುತ್ತದೆ. ಗಡ್ಡೆಯ ಕೋಶದಲ್ಲಿ ಅದರ ಒಂದು ಪಾಲು ಮಾತ್ರ ಇದ್ದರೆ ಎಫ್‌ಐಟಿಸಿಯಲ್ಲಿ ಅದು ಮುಳುಗಿಹೋಗುತ್ತದೆ. ಗಡ್ಡೆಯನ್ನು ಬಿಡಿಸಿದಾಗ ಬರುವ ಕೋಶಗಳು ತಾವೇ ಹಸಿರು ಬೆಳಕು ಸೂಸುತ್ತವೆ, ಸತ್ತ ಕೋಶಗಳು ಇನ್ನೂ ಜಾಸ್ತಿ. ಅದೇ ಚಾನೆಲ್‌ನಲ್ಲಿ ನೀವು ಅತ್ಯಂತ ಮಂದ ಮಾರ್ಕರ್ ಇಟ್ಟಿದ್ದೀರಿ.

ನನ್ನ ಸಲಹೆ: ಕ್ಲೋನ್ ಬದಲಿಸಬೇಡಿ, ಬಣ್ಣ ಬದಲಿಸಿ. ಅದೇ 4ಬಿ4-1 ಅನ್ನು ಪಿಇ ಎಂಬ ಹೆಚ್ಚು ಹೊಳೆಯುವ ಬಣ್ಣದಲ್ಲಿ ತೆಗೆದುಕೊಳ್ಳಿ. ಸಿಡಿ8ನಂತಹ ಢಾಳಾದ ಮಾರ್ಕರ್ ಅನ್ನು ಎಫ್‌ಐಟಿಸಿಗೆ ತಳ್ಳಿ.

ಇಲಿಲ್ಯಾಬ್:
ಎನ್‌ಜೈಮ್ ಯಾವುದು? ನನಗೆ ಮೊದಲ ಅನುಮಾನ ಅಲ್ಲೇ. ಟ್ರಿಪ್ಸಿನ್, ಡಿಸ್ಪೇಸ್ ಇವೆಲ್ಲ ಮೇಲ್ಮೈ ಪ್ರೋಟೀನ್‌ಗಳನ್ನು ಕತ್ತರಿಸುತ್ತವೆ. ಆಂಟಿಬಾಡಿ ಕೂರುವ ಜಾಗವೇ ಹೋಗಿದ್ದರೆ ಯಾವ ಬಣ್ಣ ಹಾಕಿದರೂ ಅಷ್ಟೇ.

ಹೊಸಪೈಪೆಟ್:
@ಇಲಿಲ್ಯಾಬ್ ಕೊಲಾಜಿನೇಸ್ ಮತ್ತು ಡಿಎನ್‌ಏಸ್. ಡಿಸ್ಪೇಸ್ ಇಲ್ಲ. 37 ಡಿಗ್ರಿಯಲ್ಲಿ.

ಇಲಿಲ್ಯಾಬ್:
ಆದರೂ ಪರೀಕ್ಷೆ ಮಾಡಿ. ಕೊಲಾಜಿನೇಸ್ ಪುಡಿ ಅಂದರೆ ಒಂದೇ ಎನ್‌ಜೈಮ್ ಅಲ್ಲ, ಅದರಲ್ಲಿ ಬೇರೆ ಪ್ರೋಟಿಯೇಸ್‌ಗಳೂ ಬೆರೆತಿರುತ್ತವೆ. ಬ್ಯಾಚಿನಿಂದ ಬ್ಯಾಚಿಗೆ ವ್ಯತ್ಯಾಸ ಇರುತ್ತದೆ. ಉತ್ತೇಜಿಸಿದ ರಕ್ತದ ಕೋಶಗಳನ್ನು ಎರಡು ಪಾಲು ಮಾಡಿ. ಒಂದು ಪಾಲಿಗೆ ಗಡ್ಡೆಗೆ ಹಾಕುವ ಅದೇ ಮಿಶ್ರಣ, ಅಷ್ಟೇ ಹೊತ್ತು, ಅದೇ ಬಿಸಿಯಲ್ಲಿ. ಇನ್ನೊಂದಕ್ಕೆ ಸುಮ್ನೆ ಮೀಡಿಯಂ. ಆಮೇಲೆ ಎರಡಕ್ಕೂ ಇಡೀ ಪ್ಯಾನೆಲ್ ಹಾಕಿ ಪಕ್ಕಪಕ್ಕ ಇಟ್ಟು ನೋಡಿ. ಅರ್ಧ ದಿನದ ಕೆಲಸ. ಪ್ರತಿ ಹೊಸ ಬ್ಯಾಚ್ ಎನ್‌ಜೈಮ್ ಬಂದಾಗಲೂ ಇದನ್ನು ಮಾಡುವುದು ಒಳ್ಳೆಯದು.

ಪ್ರಶ್ನೆಪೆಟ್ಟಿಗೆ:
ನಾನು ಈ ಕ್ಷೇತ್ರಕ್ಕೆ ಹೊಸಬಳು. ಒಂದು ಮೂಲ ಪ್ರಶ್ನೆ, ಬೇಜಾರು ಮಾಡಿಕೊಳ್ಳಬೇಡಿ. ಸಿಡಿ28 ಎಲ್ಲ ಕಡೆ ಕಾಣುತ್ತದೆ, 4-1ಬಿಬಿ ಯಾಕೆ ಕಾಣುವುದಿಲ್ಲ? ಎರಡೂ ಕೋ-ಸ್ಟಿಮ್ಯುಲೇಟರಿ ತಾನೇ?

ಗೇಟ್‌ನೋಡುವವ:
ಒಳ್ಳೆಯ ಪ್ರಶ್ನೆ. ಸಿಡಿ28 ಮತ್ತು ಸಿಡಿ27 ಇನ್ನೂ ಆಂಟಿಜನ್ ನೋಡದ ಟಿ ಕೋಶದಲ್ಲೂ ಇರುತ್ತವೆ. ಐಕಾಸ್, ಓಎಕ್ಸ್40, 4-1ಬಿಬಿ ಹಾಗಲ್ಲ. ಕೋಶ ಉತ್ತೇಜನಗೊಂಡ ಮೇಲೆ ಬರುತ್ತವೆ. ಅದರಲ್ಲೂ 4-1ಬಿಬಿ ಬಂದು ಹೋಗುವ ಗಿರಾಕಿ: ಉತ್ತೇಜನ ಸಿಕ್ಕ 24ರಿಂದ 48 ಗಂಟೆಗಳ ಸುಮಾರಿಗೆ ತುದಿಗೇರಿ, ನಂತರ ಇಳಿಯುತ್ತದೆ. ನೀವು ನೋಡಿದ ಗಂಟೆ ತಪ್ಪಿದರೆ ಸಿಗುವುದಿಲ್ಲ.

ಕುಟುಂಬಗಳೂ ಬೇರೆ. ಸಿಡಿ28, ಐಕಾಸ್ ಇಮ್ಯುನೋಗ್ಲಾಬ್ಯುಲಿನ್ ಮನೆತನದವು. 4-1ಬಿಬಿ, ಓಎಕ್ಸ್40, ಸಿಡಿ27, ಜಿಐಟಿಆರ್ ಟಿಎನ್‌ಎಫ್ ರಿಸೆಪ್ಟರ್ ಮನೆತನದವು.

ಸೀರಂಸಂಗತಿ:
ಸಿಡಿ28 "ಎಲ್ಲ ಕಡೆ" ಇರುತ್ತದೆ ಅನ್ನುವುದಕ್ಕೆ ಒಂದು ತಿದ್ದುಪಡಿ. ಮನುಷ್ಯರಲ್ಲಿ ವಯಸ್ಸಾದ ಹಾಗೆ, ಮುಖ್ಯವಾಗಿ ಸೈಟೋಮೆಗಾಲೋವೈರಸ್ ಸೋಂಕು ಇರುವವರಲ್ಲಿ, ಸಿಡಿ28 ಕಳೆದುಕೊಂಡ ಸಿಡಿ8 ಕೋಶಗಳು ಸಾಕಷ್ಟು ಸೇರಿಕೊಳ್ಳುತ್ತವೆ. ಕ್ಯಾನ್ಸರ್ ರೋಗಿಗಳಲ್ಲಿ ಹಿರಿಯರೇ ಜಾಸ್ತಿ. ಹಾಗಾಗಿ ಸಿಡಿ28 ಇಲ್ಲದ ಗುಂಪು ಕಂಡರೆ ಸ್ಟೇನಿಂಗ್ (ಬಣ್ಣದ ಆಂಟಿಬಾಡಿ ಹಚ್ಚುವುದು) ಕೆಟ್ಟಿದೆ ಅಂದುಕೊಳ್ಳಬೇಡಿ.

ಸಿಡಿ27 ಕೂಡ ಎಫೆಕ್ಟರ್ (ದಾಳಿಗಿಳಿಯುವ) ಹಂತಕ್ಕೆ ಹೋದಂತೆ ಇಳಿಯುತ್ತದೆ. ಅದರ ಒಂದಷ್ಟು ಭಾಗ ಕೋಶದಿಂದ ಕಳಚಿಕೊಂಡು ದ್ರವಕ್ಕೆ ಸೇರುತ್ತದೆ.

ಬಿಳಿಕೋಶ:
@ಗೇಟ್‌ನೋಡುವವ 2014ರ ಕೆಲಸ ಗೊತ್ತಿದೆ. ಆದರೆ ಅಂಥ ಪ್ರಯೋಗಗಳಲ್ಲಿ ಬಹಳಷ್ಟು ಸಲ ಕೋಶಗಳನ್ನು ಮತ್ತೆ ಗಡ್ಡೆಯ ಕೋಶಗಳ ಜೊತೆ ಇಟ್ಟು ಆಮೇಲೆ ಸಿಡಿ137 ನೋಡುತ್ತಾರೆ. ಇವರು ನೇರವಾಗಿ ಗಡ್ಡೆಯಿಂದ ತೆಗೆದು ನೋಡುತ್ತಿದ್ದಾರೆ. ಎರಡೂ ಒಂದೇ ಅಲ್ಲ.

ಗೇಟ್‌ನೋಡುವವ:
ಒಪ್ಪುತ್ತೇನೆ, ಆ ವ್ಯತ್ಯಾಸ ಮುಖ್ಯ. ಅದಕ್ಕೇ ಕೇಳುತ್ತೇನೆ: ಹೊಸಪೈಪೆಟ್, ನಿಮಗೆ ತಿಳಿಯಬೇಕಾಗಿರುವುದು "ಈಗ ಗಡ್ಡೆಯಲ್ಲಿ ಏನು ನಡೆಯುತ್ತಿದೆ" ಅಂತನಾ, ಅಥವಾ "ಇವುಗಳಲ್ಲಿ ಗಡ್ಡೆ ಗುರುತಿಸಬಲ್ಲವು ಯಾವುವು" ಅಂತನಾ? ಮೊದಲನೆಯದಾದರೆ ನೇರವಾಗಿ, ತಡಮಾಡದೆ, ಐಸ್ ಮೇಲೆ ಸ್ಟೇನ್ ಮಾಡಬೇಕು. ಎರಡನೆಯದಾದರೆ ಮತ್ತೆ ಉತ್ತೇಜಿಸಬೇಕು. ಆಗ ಸಿಡಿ8ಗೆ ಸಿಡಿ137 ಜೊತೆ ಸಿಡಿ69, ಸಿಡಿ4ಗೆ (ಟಿ ಕೋಶದ ಇನ್ನೊಂದು ಬಗೆ) ಸಿಡಿ137 ಜೊತೆ ಓಎಕ್ಸ್40 ಜೋಡಿ ನೋಡುವುದು ರೂಢಿ.

ಹೊಸಪೈಪೆಟ್:
ಮೊದಲನೆಯದು. ನೇರವಾಗಿ ನೋಡಬೇಕು. ಆದರೆ ಕೆಲವು ಮಾದರಿಗಳು ಫ್ರೀಜ್ ಆಗಿ ಬರುತ್ತವೆ.

ಸೀರಂಸಂಗತಿ:
ಹಾಗಾದರೆ ಫ್ರೀಜ್ ಆದವನ್ನೂ ತಾಜಾವನ್ನೂ ಒಂದೇ ಗ್ರಾಫಿನಲ್ಲಿ ಹಾಕಬೇಡಿ. ಕರಗಿಸಿದ ಮೇಲೆ ರಾತ್ರಿಯಿಡೀ ವಿಶ್ರಾಂತಿ ಕೊಟ್ಟರೆ ಕೋಶಗಳು ಚೇತರಿಸಿಕೊಳ್ಳುತ್ತವೆ ನಿಜ, ಆದರೆ ಆ ಹೊತ್ತಿನಲ್ಲಿ 4-1ಬಿಬಿಯಂತಹ ತಾತ್ಕಾಲಿಕ ಮಾರ್ಕರ್ ಬದಲಾಗಿಬಿಡಬಹುದು. ಒಂದೇ ಗಡ್ಡೆಯನ್ನು ಅರ್ಧ ತಾಜಾ, ಅರ್ಧ ಫ್ರೀಜ್ ಮಾಡಿ ಹೋಲಿಸಿದ ಮೇಲೆಯೇ ನಿರ್ಧರಿಸಿ.

ಕಾರ್‌ಟಿಬೆಂಚು:
ಸ್ವಲ್ಪ ಪಕ್ಕಕ್ಕೆ ಹೋಗುತ್ತೇನೆ, ಆದರೆ ಇದೇ ಆಂಟಿಬಾಡಿಯ ವಿಷಯ. ನಾವು ಕಾರ್-ಟಿ ಮಾಡುವವರು, ಅಂದರೆ ಕ್ಯಾನ್ಸರ್ ಕೋಶ ಗುರುತಿಸುವ ಕೃತಕ ರಿಸೆಪ್ಟರ್ (ಕಾರ್) ಸೇರಿಸಿದ ಟಿ ಕೋಶಗಳು. ನಮ್ಮಲ್ಲಿಗೆ ಬರುವ ಹೊಸಬರು ಪದೇ ಪದೇ ಕೇಳುವ ಪ್ರಶ್ನೆ: "ನಮ್ಮ ಕಾರ್-ಟಿ ಕೋಶದಲ್ಲಿ 4-1ಬಿಬಿ ಇದೆಯಲ್ಲ, ಹಾಗಾದರೆ ಸಿಡಿ137 ಆಂಟಿಬಾಡಿ ಹಾಕಿ ಕಾರ್ ಎಷ್ಟಿದೆ ಅಂತ ಎಣಿಸಬಹುದಲ್ಲ?"

ಆಗುವುದಿಲ್ಲ! ಟಿಸಾಜೆನ್‌ಲೆಕ್ಲೂಸೆಲ್‌ನಂತಹ ಕಾರ್-ಟಿ ಔಷಧಗಳ ಕಾರ್‌ಗಳಲ್ಲಿ ಇರುವುದು 4-1ಬಿಬಿಯ ಒಳಗಿನ ತುಂಡು, ಅಂದರೆ ಕೋಶದ ಒಳಗೆ ಸಂಕೇತ ಕಳಿಸುವ ಬಾಲ ಮಾತ್ರ. 4ಬಿ4-1 ಹಿಡಿಯುವುದು ಹೊರಗಿನ ಭಾಗವನ್ನು. ಆ ಆಂಟಿಬಾಡಿಗೆ ಏನಾದರೂ ಕಂಡರೆ ಅದು ಕೋಶದ ಸ್ವಂತ 4-1ಬಿಬಿ. ಕೋಶ ಉತ್ತೇಜನಗೊಂಡಿದೆ ಅಂತ ಅದರಿಂದ ತಿಳಿಯುತ್ತದೆ, ಕಾರ್ ಇದೆ ಅಂತ ಅಲ್ಲ. ಕಾರ್ ಎಣಿಸಲು ಹೊರಗಿರುವ ಗುರುತಿಸುವ ಭಾಗಕ್ಕೇ ಹೋಗಬೇಕು: ಆ ಕಾರ್ ಗುರುತಿಸುವ ಸಿಡಿ19 ಪ್ರೋಟೀನ್‌ಗೆ ಬಣ್ಣ ಹಚ್ಚಿ ಬಳಸುವುದು, ಅಥವಾ ಕಾರ್‌ನ ಗುರುತಿಸುವ ಭಾಗವಾದ ಎಫ್‌ಎಂಸಿ63 ತುಂಡನ್ನೇ ಹಿಡಿಯುವ ಆಂಟಿಬಾಡಿ.

ಪ್ರಶ್ನೆಪೆಟ್ಟಿಗೆ:
ಇದು ನನಗೆ ನಿಜಕ್ಕೂ ಗೊತ್ತಿರಲಿಲ್ಲ. ಧನ್ಯವಾದ. ಅಂದರೆ ಆಂಟಿಬಾಡಿ ಪ್ರೋಟೀನಿನ ಯಾವ ಭಾಗ ಹಿಡಿಯುತ್ತದೆ ಅಂತ ಮೊದಲು ಓದಿಕೊಳ್ಳಬೇಕು.

ಕಾರ್‌ಟಿಬೆಂಚು:
ಹೌದು. ಇನ್ನೊಂದು: ಔಷಧವಾಗಿ ಬಳಸುವ ಆಂಟಿಬಾಡಿ ಅದೇ ಜಾಗದಲ್ಲಿ ಕೂತಿದ್ದರೆ ನಿಮ್ಮ ಪರೀಕ್ಷೆಯ ಆಂಟಿಬಾಡಿಗೆ ಜಾಗವೇ ಇರುವುದಿಲ್ಲ. ಹೊಸಪೈಪೆಟ್, ನಿಮ್ಮ ರೋಗಿಗಳಿಗೆ ಮೊದಲೇ ಚಿಕಿತ್ಸೆ ಆಗಿದೆಯಾ?

ಹೊಸಪೈಪೆಟ್:
ಕೆಲವರಿಗೆ ಪಿಡಿ-1 (ಟಿ ಕೋಶಕ್ಕೆ ಬ್ರೇಕ್ ಹಾಕುವ ರಿಸೆಪ್ಟರ್) ವಿರುದ್ಧದ ಔಷಧ ಆಗಿದೆ. 4-1ಬಿಬಿ ವಿರುದ್ಧದ್ದು ಯಾರಿಗೂ ಇಲ್ಲ.

ಗೇಟ್‌ನೋಡುವವ:
ಹಾಗಾದರೆ 4-1ಬಿಬಿಗೆ ಈ ತೊಂದರೆ ಇಲ್ಲ, ಆದರೆ ಪ್ಯಾನೆಲ್‌ನಲ್ಲಿ ಪಿಡಿ-1 ಇದ್ದರೆ ಎಚ್ಚರ. ಪಿಡಿ-1 ವಿರುದ್ಧದ ಔಷಧ ನಿವೊಲುಮ್ಯಾಬ್ ಕೊಟ್ಟ ರೋಗಿಗಳ ರಕ್ತದ ಟಿ ಕೋಶಗಳಲ್ಲಿ ಎರಡು ತಿಂಗಳಿಗೂ ಹೆಚ್ಚು ಕಾಲ ಆ ಔಷಧ ಪಿಡಿ-1 ಮೇಲೆ ಕೂತೇ ಇರುತ್ತದೆ. ಬಹಳ ಜನ ಬಳಸುವ ಇಎಚ್12 ಗುಂಪಿನ ಕ್ಲೋನ್‌ಗಳಿಗೆ ಆಗ ಪಿಡಿ-1 ಕಾಣುವುದಿಲ್ಲ. ನೋಡಿದವರು "ಚಿಕಿತ್ಸೆಯಿಂದ ಪಿಡಿ-1 ಇಳಿದಿದೆ" ಅಂತ ಬರೆದುಬಿಡುತ್ತಾರೆ. ಇಳಿದಿಲ್ಲ, ಮುಚ್ಚಿಕೊಂಡಿದೆ. ನಿವೊಲುಮ್ಯಾಬ್, ಅದೇ ಗುರಿಯ ಪೆಂಬ್ರೊಲಿಜುಮ್ಯಾಬ್ ಎರಡೂ ಐಜಿಜಿ4 ಎಂಬ ಬಗೆಯ ಆಂಟಿಬಾಡಿಗಳು. ಹಾಗಾಗಿ ಮನುಷ್ಯರ ಐಜಿಜಿ4 ಹಿಡಿಯುವ ಎರಡನೇ ಆಂಟಿಬಾಡಿಯಿಂದ ಕೂತಿರುವ ಔಷಧವನ್ನೇ ನೋಡಬಹುದು.

ಸೀರಂಸಂಗತಿ:
ಮುಂದೆ 4-1ಬಿಬಿ ಔಷಧಗಳ ಕೆಲಸಕ್ಕೆ ಇಳಿಯುವವರಿಗೆ ಒಂದು ಮಾತು. ಯೂರೆಲುಮ್ಯಾಬ್, ಯುಟೊಮಿಲುಮ್ಯಾಬ್ ಎರಡೂ 4-1ಬಿಬಿಯನ್ನೇ ಹಿಡಿಯುತ್ತವೆ, ಆದರೆ ಬೇರೆ ಬೇರೆ ಜಾಗದಲ್ಲಿ. ಯುಟೊಮಿಲುಮ್ಯಾಬ್ ಸಹಜ ಲಿಗ್ಯಾಂಡ್ (ರಿಸೆಪ್ಟರ್‌ಗೆ ಅಂಟುವ ದೇಹದ ಪ್ರೋಟೀನ್) ಬಂದು ಕೂರುವುದನ್ನು ತಡೆಯುತ್ತದೆ, ಯೂರೆಲುಮ್ಯಾಬ್ ತಡೆಯುವುದಿಲ್ಲ. ಯೂರೆಲುಮ್ಯಾಬ್ ಜೋರಾದ ಉತ್ತೇಜಕ, ಜಾಸ್ತಿ ಡೋಸ್‌ನಲ್ಲಿ ಯಕೃತ್ತಿಗೆ ಗಂಭೀರ ಹಾನಿಯಾಗಿ ಸಾವುಗಳೂ ಆದವು. ಆಮೇಲೆ ಪ್ರತಿ ಕಿಲೋ ತೂಕಕ್ಕೆ 0.1 ಮಿಲಿಗ್ರಾಂಗೆ ಇಳಿಸಬೇಕಾಯಿತು. ಒಂದೇ ರಿಸೆಪ್ಟರ್, ಎರಡು ಆಂಟಿಬಾಡಿ, ಎರಡು ಬೇರೆ ಕಥೆ. "ಸಿಡಿ137 ಆಂಟಿಬಾಡಿ ಹಾಕಿದೆವು" ಅಂತಷ್ಟೇ ಬರೆದು ಕ್ಲೋನ್ ಹೆಸರು ಬಿಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಬಿಳಿಕೋಶ:
ಆಂಟಿಬಾಡಿ ಅಂದರೆ ಬರೀ ನೋಡುವ ಸಾಧನ ಅಂತ ಭಾವಿಸುವವರು ಸಿಡಿ28ರ ಕಥೆ ಓದಬೇಕು. 2006ರ ಮಾರ್ಚ್‌ನಲ್ಲಿ ಲಂಡನ್ನಿನಲ್ಲಿ ಟಿಜಿಎನ್1412 ಎಂಬ ಸಿಡಿ28 ಆಂಟಿಬಾಡಿಯನ್ನು ಆರು ಜನ ಆರೋಗ್ಯವಂತ ಸ್ವಯಂಸೇವಕರಿಗೆ ಕೊಟ್ಟರು. ಕೆಲವೇ ಗಂಟೆಗಳಲ್ಲಿ ಆರೂ ಜನ ಸೈಟೋಕೈನ್ ಬಿರುಗಾಳಿಗೆ (ಉರಿಯೂತ ಹುಟ್ಟಿಸುವ ಸಂಕೇತ ಪ್ರೋಟೀನ್‌ಗಳ ಪ್ರವಾಹ) ಸಿಕ್ಕರು. ತೀವ್ರ ನಿಗಾ ಘಟಕದ ಚಿಕಿತ್ಸೆಯಿಂದ ಎಲ್ಲರೂ ಬದುಕಿದರು.

ಪ್ರಶ್ನೆಪೆಟ್ಟಿಗೆ:
ಪ್ರಾಣಿಗಳ ಮೇಲೆ ಮೊದಲೇ ಪರೀಕ್ಷೆ ಮಾಡಿರಲಿಲ್ಲವಾ?

ಬಿಳಿಕೋಶ:
ಮಾಡಿದ್ದರು, ಮಕಾಕ್ ಕೋತಿಗಳಲ್ಲಿ. ಅಲ್ಲಿ ಏನೂ ಆಗಲಿಲ್ಲ. ಮನುಷ್ಯರಿಗೆ ಕೊಟ್ಟ ಡೋಸ್, ಪ್ರಾಣಿಗಳಲ್ಲಿ ಸುರಕ್ಷಿತ ಅಂತ ಕಂಡದ್ದರ 500ರಲ್ಲಿ ಒಂದು ಪಾಲು. ಆಮೇಲೆ ಹುಡುಕಿದಾಗ ಸಿಕ್ಕ ಒಂದು ಮುಖ್ಯ ಕಾರಣ ಈ ಚರ್ಚೆಗೆ ನೇರ ಸಂಬಂಧ ಇರುವಂಥದ್ದು. ಮನುಷ್ಯರ ಸಿಡಿ4 ಎಫೆಕ್ಟರ್ ಮೆಮೊರಿ ಕೋಶಗಳಲ್ಲಿ ಸಿಡಿ28 ಇರುತ್ತದೆ. ಆ ಕೋತಿಗಳ ಅದೇ ಬಗೆಯ ಕೋಶಗಳಲ್ಲಿ ಇರುವುದಿಲ್ಲ. ಸೈಟೋಕೈನ್ ಸುರಿಸುವುದು ಆ ಕೋಶಗಳೇ. ಅಂದರೆ ಯಾವ ಉಪಗುಂಪಿನ ಮೇಲೆ ರಿಸೆಪ್ಟರ್ ಇದೆ ಅನ್ನುವ ಸರಳ ಫ್ಲೋ ಪ್ರಶ್ನೆ. ಅದನ್ನು ಮೊದಲೇ ಆ ಉಪಗುಂಪಿನಲ್ಲೇ ಕೇಳಿ ನೋಡಿದ್ದರೆ ಎಂದು ನನಗೆ ಇಂದಿಗೂ ಅನ್ನಿಸುತ್ತದೆ.

ಇಲಿಲ್ಯಾಬ್:
ಅದೇ ಕಾರಣಕ್ಕೆ ಕೋಶ ಬೇರ್ಪಡಿಸಿ ಆಮೇಲೆ ಕಲ್ಚರ್ ಮಾಡುವವರು ಯೋಚಿಸಬೇಕು. ಸಿಡಿ28.2 ಕ್ಲೋನ್ ಸ್ಟೇನಿಂಗ್‌ಗೂ ಬಳಸುತ್ತಾರೆ, ಟಿ ಕೋಶ ಉತ್ತೇಜಿಸಲೂ ಅದನ್ನೇ ಬಳಸುತ್ತಾರೆ. ಸಿಡಿ28 ಇರುವ ಕೋಶಗಳನ್ನು ಅದರಿಂದ ಹಿಡಿದು ತೆಗೆದು, ಮಾರನೇ ದಿನ "ಇವು ಚುರುಕಾಗಿವೆ" ಅಂದರೆ ಆ ಚುರುಕು ಎಲ್ಲಿಂದ ಬಂತು? ಇಲಿಗಳಲ್ಲಿ 37.51 ಕೂಡ ಹಾಗೆಯೇ.

ಅಂಕಿಗಣಿತ:
ಗೇಟ್ (ಪಾಸಿಟಿವ್ ಎಂದು ಎಣಿಸುವ ಗೆರೆ) ಎಲ್ಲಿ ಹಾಕುತ್ತಿದ್ದೀರಿ ಅಂತ ಯಾರೂ ಕೇಳಲಿಲ್ಲವಲ್ಲ. ಎಫ್‌ಎಂಓ ಕಂಟ್ರೋಲ್ ಇದೆಯಾ? ಅಂದರೆ 4-1ಬಿಬಿ ಒಂದನ್ನು ಬಿಟ್ಟು ಉಳಿದೆಲ್ಲ ಬಣ್ಣ ಹಾಕಿದ ಟ್ಯೂಬ್. ಅದೂ ಗಡ್ಡೆಯ ಕೋಶಗಳಲ್ಲೇ ಮಾಡಿದ್ದು, ರಕ್ತದಲ್ಲಿ ಅಲ್ಲ.

ಹೊಸಪೈಪೆಟ್:
ಐಸೋಟೈಪ್ ಕಂಟ್ರೋಲ್ (ಅದೇ ಬಗೆಯ, ಆದರೆ ಈ ಗುರಿಯನ್ನು ಹಿಡಿಯದ ಆಂಟಿಬಾಡಿ) ಇದೆ. ಎಫ್‌ಎಂಓ ರಕ್ತದಲ್ಲಿ ಮಾತ್ರ ಇದೆ, ಗಡ್ಡೆಯಲ್ಲಿ ಕೋಶ ಕಡಿಮೆ ಸಿಗುತ್ತದೆ.

ಅಂಕಿಗಣಿತ:
ಕೋಶ ಕಡಿಮೆ ಅನ್ನುವ ಕಷ್ಟ ಅರ್ಥವಾಗುತ್ತದೆ. ಆದರೂ ಕೊನೆಗೆ 4-1ಬಿಬಿ ಒಂದಕ್ಕಾದರೂ ಗಡ್ಡೆಯ ಎಫ್‌ಎಂಓ ಬೇಕೇ ಬೇಕು. ಐಸೋಟೈಪ್‌ನಿಂದ ಗೇಟ್ ಎಳೆಯಬೇಡಿ. ಅದರಲ್ಲಿ ಒಂದು ಆಂಟಿಬಾಡಿಗೆ ಎಷ್ಟು ಬಣ್ಣದ ಕಣ ಅಂಟಿದೆ ಅನ್ನುವುದೇ ಬೇರೆ ಇರುತ್ತದೆ. ಬೇರೆ ಬಣ್ಣಗಳಿಂದ ಈ ಚಾನೆಲ್‌ಗೆ ಹರಡಿ ಬರುವ ಗದ್ದಲವನ್ನು ಎಫ್‌ಎಂಓ ತೋರಿಸುತ್ತದೆ. 4-1ಬಿಬಿಯಲ್ಲಿ ಎರಡು ಸ್ಪಷ್ಟ ಗುಡ್ಡಗಳು ಸಿಗುವುದಿಲ್ಲ, ಒಂದು ಗುಡ್ಡದ ಬಾಲ ಸಿಗುತ್ತದೆ ಅಷ್ಟೇ. ಗೇಟ್ ಸ್ವಲ್ಪ ಬಲಕ್ಕೆ ಹೋದರೆ ಸೊನ್ನೆ, ಸ್ವಲ್ಪ ಎಡಕ್ಕೆ ಬಂದರೆ ಎಲ್ಲವೂ ಪಾಸಿಟಿವ್.

ಟೈಟ್ರೇಷನ್ ಮಾಡಿದ್ದೀರಾ? ಕಂಪನಿ ಹೇಳಿದ ಪ್ರಮಾಣ ಸುಮ್ನೆ ಒಂದು ಆರಂಭ. ಅದರ ದುಪ್ಪಟ್ಟಿನಿಂದ ಶುರು ಮಾಡಿ ಅರ್ಧರ್ಧ ಇಳಿಸುತ್ತಾ ಹೋಗಿ. ಪಾಸಿಟಿವ್ ಮತ್ತು ನೆಗೆಟಿವ್ ನಡುವೆ ಅಂತರ ಎಲ್ಲಿ ಅತಿ ಹೆಚ್ಚೋ ಅದನ್ನು ಆರಿಸಿ. ಜಾಸ್ತಿ ಹಾಕಿದರೆ ಹಿನ್ನೆಲೆಯೂ ಏರುತ್ತದೆ.

ಇಲಿಲ್ಯಾಬ್:
ಮತ್ತೆ ಎಫ್‌ಸಿ ಬ್ಲಾಕ್, ಅಂದರೆ ಆಂಟಿಬಾಡಿಯ ಬಾಲ ಅಂಟುವ ಜಾಗಗಳನ್ನು ಮೊದಲೇ ಮುಚ್ಚುವುದು. ಗಡ್ಡೆಯಲ್ಲಿ ಮ್ಯಾಕ್ರೋಫೇಜ್ ತುಂಬಿರುತ್ತವೆ, ಅವು ಯಾವ ಆಂಟಿಬಾಡಿಯ ಬಾಲವನ್ನಾದರೂ ಹಿಡಿದುಕೊಳ್ಳುತ್ತವೆ. ಸತ್ತ ಕೋಶ ತೆಗೆಯುವ ಬಣ್ಣ, ಎಫ್‌ಸಿ ಬ್ಲಾಕ್, ಮ್ಯಾಕ್ರೋಫೇಜ್‌ನಂತಹ ಮೈಲಾಯ್ಡ್ ಕೋಶಗಳನ್ನು ಹೊರಗಿಡುವ ಒಂದು ಡಂಪ್ ಚಾನೆಲ್. ಇವು ಮೂರೂ ಇಲ್ಲದೆ ಗಡ್ಡೆಯ ಮಂದ ಮಾರ್ಕರ್ ಬಗ್ಗೆ ಮಾತಾಡಬಾರದು.

ಸ್ಲೈಡ್‌ಓದುಗ:
ನಾನು ಪೆಥಾಲಜಿ ಕಡೆಯವಳು. ಎಲ್ಲರೂ ಫ್ಲೋ ಫ್ಲೋ ಅನ್ನುತ್ತಿದ್ದೀರಿ. ಗಡ್ಡೆಯನ್ನು ಬಿಡಿಸಿದರೆ ಯಾವ ಕೋಶ ಎಲ್ಲಿತ್ತು ಅನ್ನುವುದೇ ಹೋಯಿತು. ಪ್ಯಾರಾಫಿನ್ (ಮೇಣದಲ್ಲಿ ಕೂರಿಸಿ ಕತ್ತರಿಸಿದ ಅಂಗಾಂಶದ) ಸ್ಲೈಡ್‌ನಲ್ಲಿ ಐಕಾಸ್ ಇರುವ ಕೋಶ ಗಡ್ಡೆಯ ಒಳಗಿದೆಯಾ, ಅಂಚಿನಲ್ಲಿದೆಯಾ, ಲಿಂಫಾಯ್ಡ್ ಗುಂಪಿನಲ್ಲಿದೆಯಾ ಅಂತ ಕಣ್ಣಿಗೆ ಕಾಣುತ್ತದೆ.

ಗೇಟ್‌ನೋಡುವವ:
ಆದರೆ ಫ್ಲೋಗೆ ಒಪ್ಪುವ ಕ್ಲೋನ್ ಸ್ಲೈಡ್‌ನಲ್ಲಿ ಕೆಲಸ ಮಾಡುವುದಿಲ್ಲವಲ್ಲ.

ಸ್ಲೈಡ್‌ಓದುಗ:
ಬಹಳಷ್ಟು ಸಲ ಮಾಡುವುದಿಲ್ಲ, ನಿಜ. ಫ್ಲೋ ಕ್ಲೋನ್ ಜೀವಂತ ಕೋಶದ ಮೇಲೆ ಮಡಚಿಕೊಂಡ ಆಕಾರವನ್ನು ಹಿಡಿಯುತ್ತದೆ. ಫಾರ್ಮಲಿನ್ ಅದನ್ನು ಕಟ್ಟಿಹಾಕುತ್ತದೆ, ಆಮೇಲೆ ಬಿಸಿ ಬಫರ್‌ನಲ್ಲಿ ಕುದಿಸಿದಾಗ ಆಕಾರ ಬಿಚ್ಚಿಕೊಳ್ಳುತ್ತದೆ. ಅಲ್ಲಿಗೆ ಬೇರೆ ಆಂಟಿಬಾಡಿ ಬೇಕು. ಐಕಾಸ್‌ಗೆ ಎಸ್‌ಪಿ98, ಡಿ1ಕೆ2ಟಿ ಅನ್ನುವ ಮೊಲದ ಮೊನೊಕ್ಲೋನಲ್‌ಗಳು ಇವೆ, ಪ್ಯಾರಾಫಿನ್‌ನಲ್ಲಿ ಕೆಲಸ ಮಾಡುತ್ತವೆ.

ಸ್ಲೈಡ್‌ನಲ್ಲಿ ನನ್ನ ಮೊದಲ ಕಂಟ್ರೋಲ್ ಟಾನ್ಸಿಲ್. ಐಕಾಸ್ ಅಲ್ಲಿ ಜರ್ಮಿನಲ್ ಸೆಂಟರ್‌ನ ಟಿ ಕೋಶಗಳ ಅಂಚಿನಲ್ಲಿ ತೆಳು ಉಂಗುರದ ಹಾಗೆ ಬರಬೇಕು. ಸುತ್ತಲಿನ ಮ್ಯಾಂಟಲ್ ವಲಯದ ಬಿ ಕೋಶಗಳು ಖಾಲಿ ಇರಬೇಕು. ನ್ಯೂಕ್ಲಿಯಸ್ ಕಂದು ಆಗಿದ್ದರೆ, ಎಪಿಥೀಲಿಯಂ ಕಂದು ಆಗಿದ್ದರೆ, ಆ ಸ್ಲೈಡ್ ಪಕ್ಕಕ್ಕೆ. ಎಷ್ಟು ಗಾಢ ಬಂದಿದೆ ಅನ್ನುವುದಕ್ಕಿಂತ ಎಲ್ಲಿ ಬಂದಿದೆ ಅನ್ನುವುದನ್ನು ಮೊದಲು ನೋಡುತ್ತೇನೆ.

ಬಿಳಿಕೋಶ:
ಕ್ಲೋನ್‌ಗಳ ಜಗಳ ಸ್ಲೈಡ್‌ನಲ್ಲಿ ಇನ್ನೂ ದೊಡ್ಡದು. ಪಿಡಿ-1ರ ಲಿಗ್ಯಾಂಡ್ ಆದ ಪಿಡಿ-ಎಲ್1ಗೆ 22ಸಿ3, 28-8, ಎಸ್‌ಪಿ263, ಎಸ್‌ಪಿ142 ಅಂತ ನಾಲ್ಕು. ಮೊದಲ ಮೂರು ಹತ್ತಿರ ಹತ್ತಿರ. ಎಸ್‌ಪಿ142 ಪರೀಕ್ಷೆಯಲ್ಲಿ ಕಡಿಮೆ ಗಡ್ಡೆ ಕೋಶಗಳು ಪಾಸಿಟಿವ್ ಬರುತ್ತವೆ. ಅದೇ ರೋಗಿ, ಅದೇ ಗಡ್ಡೆ.

ಸ್ಲೈಡ್‌ಓದುಗ:
ಅದನ್ನು ಅಷ್ಟು ಸರಳ ಮಾಡಬೇಡಿ. ಅಲ್ಲಿ ಕ್ಲೋನ್ ಮಾತ್ರ ಬೇರೆ ಅಲ್ಲ, ಯಂತ್ರ, ರಾಸಾಯನಿಕ, ಅಂಕ ಕೊಡುವ ವಿಧಾನ ಎಲ್ಲ ಬೇರೆ. ಇಡೀ ಪರೀಕ್ಷೆಯನ್ನು ಹೋಲಿಸಬೇಕು, ಆಂಟಿಬಾಡಿ ಒಂದನ್ನೇ ದೂರಬಾರದು.

ಬಿಳಿಕೋಶ:
ಸರಿ, ಒಪ್ಪಿದೆ.

ಹೊಸಪೈಪೆಟ್:
ಎಲ್ಲರಿಗೂ ಅಪ್‌ಡೇಟ್. ಮೊದಲು ಎನ್‌ಜೈಮ್ ಪರೀಕ್ಷೆ: ಉತ್ತೇಜಿಸಿದ ರಕ್ತದ ಕೋಶಗಳಲ್ಲಿ ನಮ್ಮ ಕೊಲಾಜಿನೇಸ್ ಮಿಶ್ರಣದಿಂದ 4-1ಬಿಬಿ ಸಿಗ್ನಲ್ ಹೆಚ್ಚು ಕಡಿಮೆ ಹಾಗೇ ಉಳಿಯಿತು. ಎರಡು ಗ್ರಾಫ್ ಒಂದರ ಮೇಲೊಂದು ಕೂತವು. ಹಾಗಾಗಿ ಎನ್‌ಜೈಮ್ ಅಲ್ಲ.

ಆಮೇಲೆ ಅದೇ ಕ್ಲೋನ್ ಪಿಇಯಲ್ಲಿ, ಟೈಟ್ರೇಷನ್ ಮಾಡಿ, ಗಡ್ಡೆಯ ಎಫ್‌ಎಂಓ ಇಟ್ಟು ತಾಜಾ ಮಾದರಿಯಲ್ಲಿ ನೋಡಿದೆ. ಸಿಡಿ8ರಲ್ಲಿ ಸಣ್ಣ ಗುಂಪು ಸ್ಪಷ್ಟವಾಗಿ ಎಫ್‌ಎಂಓಗಿಂತ ಬಲಕ್ಕೆ ಬಂತು! ಅವುಗಳಲ್ಲಿ ಬಹುಪಾಲು ಪಿಡಿ-1 ಕೂಡ ಪಾಸಿಟಿವ್, ಚಿಕಿತ್ಸೆ ಆಗದ ರೋಗಿಯಲ್ಲಿ. ಎಫ್‌ಐಟಿಸಿಯಲ್ಲಿ ಅದೇ ಮಾದರಿ ಹಾಕಿದರೆ ಹಿನ್ನೆಲೆಯಲ್ಲಿ ಕರಗಿಹೋಗುತ್ತದೆ. ಹೊಸ ಕ್ಲೋನ್ ಬೇಕಾಗಲಿಲ್ಲ.

ಇನ್ನೊಂದು ವಿಷಯ ಕಂಡಿತು: ಸಿಡಿ4 ಕಡೆ 4-1ಬಿಬಿ ಸಿಡಿ8ಗಿಂತ ಜಾಸ್ತಿ ಇದೆ. ಇದು ಸರಿಯಾ?

ಗೇಟ್‌ನೋಡುವವ:
ಬಹಳ ಖುಷಿಯಾಯಿತು. ಸಿಡಿ4 ವಿಷಯ ಸರಿಯೇ ಇರಬೇಕು. ಗಡ್ಡೆಯೊಳಗಿನ ರೆಗ್ಯುಲೇಟರಿ ಟಿ ಕೋಶಗಳಲ್ಲಿ 4-1ಬಿಬಿ, ಓಎಕ್ಸ್40, ಐಕಾಸ್, ಜಿಐಟಿಆರ್ ನಾಲ್ಕೂ ಎತ್ತರದಲ್ಲಿ ಇರುತ್ತವೆ. ಅವುಗಳ ಗುರುತಾದ ಫಾಕ್ಸ್‌ಪಿ3 ಹಾಕದೆ "ಸಿಡಿ4 ಕೋಶಗಳು ಉತ್ತೇಜನಗೊಂಡಿವೆ" ಅಂತ ಬರೆಯಬೇಡಿ. ನೀವು ನೋಡುತ್ತಿರುವುದು ರೋಗನಿರೋಧಕ ಪ್ರತಿಕ್ರಿಯೆಯನ್ನು ತಗ್ಗಿಸುವ ಕೋಶಗಳನ್ನೇ ಇರಬಹುದು.

ಸೀರಂಸಂಗತಿ:
ಐಕಾಸ್‌ಗೂ ಇದೇ ಮಾತು. ಸಿಟಿಎಲ್‌ಎ-4 ಎಂಬ ಬ್ರೇಕ್ ರಿಸೆಪ್ಟರ್ ತಡೆಯುವ ಔಷಧ ಇಪಿಲಿಮುಮ್ಯಾಬ್ ಕೊಟ್ಟ ರೋಗಿಗಳಲ್ಲಿ ಐಕಾಸ್ ಇರುವ ಸಿಡಿ4 ಕೋಶಗಳು ಏರುತ್ತವೆ ಅಂತ 2008ರಲ್ಲಿ ಮೂತ್ರಕೋಶದ ಕ್ಯಾನ್ಸರ್ ರೋಗಿಗಳಲ್ಲಿ ತೋರಿಸಿದರು. ಅವು ಎಫೆಕ್ಟರ್ ಕೋಶಗಳು, ಅಂದರೆ ಒಳ್ಳೆಯ ಸೂಚನೆ. ಇನ್ನೊಂದು ಗಡ್ಡೆಯಲ್ಲಿ ಐಕಾಸ್ ಜಾಸ್ತಿ ಅಂದರೆ ರೆಗ್ಯುಲೇಟರಿ ಕೋಶ ಜಾಸ್ತಿ ಅಂತ ಅರ್ಥ ಇರಬಹುದು. ಐಕಾಸ್ ಒಂದನ್ನೇ ಇಟ್ಟುಕೊಂಡು ಏನೂ ಹೇಳಲಾಗದು.

ಹೊಸಪೈಪೆಟ್:
ಫಾಕ್ಸ್‌ಪಿ3ಗೆ ಕೋಶದ ಒಳಗೆ ತೂತು ಮಾಡಬೇಕಲ್ಲ. ಪಿಇ ಉಳಿಯುತ್ತದಾ?

ಅಂಕಿಗಣಿತ:
ಫಾಕ್ಸ್‌ಪಿ3ಗೆ ಅಂತಲೇ ಸಿಗುವ ಬಫರ್‌ನಲ್ಲಿ ಉಳಿಯುತ್ತದೆ. ಮೆಥನಾಲ್ ಮಾತ್ರ ಬೇಡ, ಪಿಇ ಎಪಿಸಿ ಎರಡೂ ಪ್ರೋಟೀನ್ ಬಣ್ಣಗಳು, ಮೆಥನಾಲ್‌ನಲ್ಲಿ ಹಾಳಾಗುತ್ತವೆ. 4-1ಬಿಬಿಯನ್ನು ಮೇಲ್ಮೈಯಲ್ಲಿ ಮೊದಲು ಸ್ಟೇನ್ ಮಾಡಿ ಮುಗಿಸಿ, ಆಮೇಲೆ ಫಿಕ್ಸ್ ಮಾಡಿ. ಹಿಂದುಮುಂದು ಮಾಡಿದರೆ ಒಳಗೆ ಸಂಗ್ರಹವಾಗಿರುವುದೂ ಸೇರಿಕೊಳ್ಳುತ್ತದೆ. ಪಿಇ-ಸೈ7ನಂತಹ ಜೋಡಿ ಬಣ್ಣಗಳನ್ನು ಬೆಳಕಿನಿಂದ ದೂರ ಇಡಿ. ಅವು ಮುರಿದರೆ ನೇರ ನಿಮ್ಮ ಪಿಇ ಚಾನೆಲ್‌ಗೇ ಬಂದು ಸುಳ್ಳು 4-1ಬಿಬಿ ತೋರಿಸುತ್ತವೆ.

ಪ್ರಶ್ನೆಪೆಟ್ಟಿಗೆ:
ಸಿಟಿಎಲ್‌ಎ-4 ಕೂಡ ಹೀಗೆಯೇ ಮೇಲ್ಮೈಯಲ್ಲಿ ನೋಡಬಹುದಾ?

ಸೀರಂಸಂಗತಿ:
ಅದು ಬೇರೆ ಸ್ವಭಾವ. ಸಿಟಿಎಲ್‌ಎ-4 ಬಹುಪಾಲು ಕೋಶದ ಒಳಗೇ ಇರುತ್ತದೆ, ಮೇಲ್ಮೈಗೆ ಬಂದು ಕ್ಷಣದಲ್ಲಿ ಒಳಗೆ ಹೋಗುತ್ತಿರುತ್ತದೆ. ಐಸ್ ಮೇಲೆ ಮೇಲ್ಮೈ ಸ್ಟೇನ್ ಮಾಡಿದರೆ ತೀರಾ ಕಡಿಮೆ ಕಾಣುತ್ತದೆ. 37 ಡಿಗ್ರಿಯಲ್ಲಿ ಆಂಟಿಬಾಡಿ ಜೊತೆ ಇಟ್ಟರೆ ಬಂದುಹೋಗುವ ಎಲ್ಲವನ್ನೂ ಹಿಡಿಯುತ್ತದೆ. ಒಟ್ಟು ಎಷ್ಟಿದೆ ಅಂತ ಬೇಕಾದರೆ ಒಳಗೆ ಸ್ಟೇನ್ ಮಾಡಿ. ಸಿಡಿ28ರ ಲಿಗ್ಯಾಂಡ್‌ಗಳೇ ಇದಕ್ಕೂ, ಸಿಡಿ80 ಮತ್ತು ಸಿಡಿ86. ಆದರೆ ಇದರ ಹಿಡಿತ ಬಿಗಿ, ಕೆಲಸ ತದ್ವಿರುದ್ಧ.

ಸ್ಲೈಡ್‌ಓದುಗ:
ಆಂಟಿಬಾಡಿ ಖರೀದಿ ಬಗ್ಗೆಯೂ ಒಂದು ಮಾತು ಆಗಲಿ. ನಮಗೆ ಒಮ್ಮೆ ಒಂದು ಕಂಪನಿಯ ಪಾಲಿಕ್ಲೋನಲ್ (ಹಲವು ಆಂಟಿಬಾಡಿಗಳ ಮಿಶ್ರಣ) ಹೊಸ ಬ್ಯಾಚ್ ಬಂದಾಗ ಟಾನ್ಸಿಲ್‌ನಲ್ಲಿ ಇಡೀ ಚಿತ್ರವೇ ಬದಲಾಗಿತ್ತು. ಕೇಳಿದರೆ "ನಮ್ಮ ವೆಸ್ಟರ್ನ್ ಬ್ಲಾಟ್‌ನಲ್ಲಿ ಸರಿ ಇದೆ" ಅಂದರು. ವೆಸ್ಟರ್ನ್ ಅಂದರೆ ಕೋಶದಿಂದ ಹೊರತೆಗೆದ ಪ್ರೋಟೀನ್‌ಗಳ ಪರೀಕ್ಷೆ, ನಾವು ಮಾಡುವುದು ಅದಲ್ಲವಲ್ಲ!

ಅಂಕಿಗಣಿತ:
ಇದಕ್ಕೇ 2015ರಲ್ಲಿ ನೂರಕ್ಕೂ ಹೆಚ್ಚು ವಿಜ್ಞಾನಿಗಳು ಸೇರಿ ನೇಚರ್ ಪತ್ರಿಕೆಯಲ್ಲಿ, ಅನುಕ್ರಮ ಗೊತ್ತಿರುವ ರೀಕಾಂಬಿನೆಂಟ್ (ಜೀನ್‌ನಿಂದ ತಯಾರಿಸುವ) ಆಂಟಿಬಾಡಿಗಳಿಗೆ ಹೋಗೋಣ ಅಂತ ಬರೆದರು. ಅನುಕ್ರಮ ಕೈಯಲ್ಲಿದ್ದರೆ ಪ್ರತಿ ಬ್ಯಾಚ್ ಅದೇ ವಸ್ತು. 1975ರಲ್ಲಿ ಕೋಹ್ಲರ್ ಮತ್ತು ಮಿಲ್‌ಸ್ಟೈನ್ ಹೈಬ್ರಿಡೋಮಾ (ಒಂದೇ ಆಂಟಿಬಾಡಿ ತಯಾರಿಸುತ್ತಲೇ ಇರುವ ಬೆರೆತ ಕೋಶ) ಕೊಟ್ಟ ಮೇಲೆ ದೊಡ್ಡ ಹೆಜ್ಜೆ ಅಂದರೆ ನನಗೆ ಇದೇ. ಹೈಬ್ರಿಡೋಮಾ ಕೋಶ ಸಾಯಬಹುದು, ಬದಲಾಗಬಹುದು, ಎರಡು ಬಗೆಯ ಸರಪಳಿ ತಯಾರಿಸಬಹುದು.

ಇಲಿಲ್ಯಾಬ್:
ರೀಕಾಂಬಿನೆಂಟ್ ಅಂದ ಮಾತ್ರಕ್ಕೆ ಸರಿಯಾದ ಪ್ರೋಟೀನನ್ನೇ ಹಿಡಿಯುತ್ತದೆ ಅಂತ ಅಲ್ಲ. ಪ್ರತಿ ಸಲ ಒಂದೇ ತಪ್ಪನ್ನು ನಂಬಿಕೆಯಿಂದ ಮಾಡಬಹುದು. ಜೀನ್ ತೆಗೆದುಹಾಕಿದ ಕೋಶದಲ್ಲಿ ಸಿಗ್ನಲ್ ಹೋಗುತ್ತದಾ ಅಂತ ನೋಡುವುದೇ ಕೊನೆಯ ಪರೀಕ್ಷೆ. 4-1ಬಿಬಿಗೆ ಅದು ಕಷ್ಟವೇನಲ್ಲ. ಟಿ ಕೋಶಗಳಲ್ಲಿ ಅದರ ಟಿಎನ್‌ಎಫ್‌ಆರ್‌ಎಸ್‌ಎಫ್9 ಜೀನನ್ನು ಕ್ರಿಸ್ಪರ್ ಎಂಬ ಜೀನ್ ಕತ್ತರಿಯಿಂದ ಕತ್ತರಿಸಿ, ಉತ್ತೇಜಿಸಿ, ಸ್ಟೇನ್ ಮಾಡಿ.

ಅಂಕಿಗಣಿತ:
ಆ ಮಾತು ಪೂರ್ತಿ ಒಪ್ಪುತ್ತೇನೆ. ಎರಡೂ ಬೇಕು.

ಹೊಸಪೈಪೆಟ್:
ಕ್ರಿಸ್ಪರ್ ಮಾಡುವವರು ಪಕ್ಕದ ಲ್ಯಾಬ್‌ನಲ್ಲಿ ಇದ್ದಾರೆ, ಕೇಳುತ್ತೇನೆ. ಕೊನೆಯದಾಗಿ ಒಂದು. ಇದೇ ಪ್ಯಾನೆಲ್ ಇಲಿಗಳಿಗೂ (ಮೌಸ್) ಕಟ್ಟಬೇಕಾಗಿದೆ. ಯಾವ ಕ್ಲೋನ್‌ಗಳು?

ಇಲಿಲ್ಯಾಬ್:
4-1ಬಿಬಿಗೆ 17ಬಿ5, ಓಎಕ್ಸ್40ಗೆ ಓಎಕ್ಸ್-86, ಜಿಐಟಿಆರ್‌ಗೆ ಡಿಟಿಎ-1, ಐಕಾಸ್‌ಗೆ ಸಿ398.4ಎ. ಐಕಾಸ್‌ನ ಆ ಕ್ಲೋನ್ ಮನುಷ್ಯರಿಗೂ ಇಲಿಗೂ ಎರಡಕ್ಕೂ ಆಗುತ್ತದೆ, ನಿಮ್ಮಲ್ಲಿ ಈಗಾಗಲೇ ಇರಬಹುದು. ಮನುಷ್ಯರ 4ಬಿ4-1 ಇಲಿಗೆ ಆಗುವುದಿಲ್ಲ.

ಒಂದೇ ಎಚ್ಚರಿಕೆ. ಇವುಗಳಲ್ಲಿ ಕೆಲವು ಹ್ಯಾಮ್‌ಸ್ಟರ್‌ನಲ್ಲಿ ತಯಾರಾದವು. ಇಲಿಯ ಕೋಶಗಳನ್ನು 145-2ಸಿ11ನಿಂದ (ಇಲಿಯ ಸಿಡಿ3 ಹಿಡಿಯುವ ಆಂಟಿಬಾಡಿ) ಉತ್ತೇಜಿಸುತ್ತೀರಿ ಅಂತಿಟ್ಟುಕೊಳ್ಳಿ, ಅದೂ ಹ್ಯಾಮ್‌ಸ್ಟರ್‌ದೇ. ಅದರಲ್ಲಿ ಒಂದಷ್ಟು ಕೋಶದ ಮೇಲೆ ಉಳಿದುಕೊಂಡಿರುತ್ತದೆ. ಆಗ ಹ್ಯಾಮ್‌ಸ್ಟರ್ ಹಿಡಿಯುವ ಎರಡನೇ ಆಂಟಿಬಾಡಿ ಹಾಕಿದರೆ ಇಡೀ ಟಿ ಕೋಶಗಳ ಗುಂಪು ಹೊಳೆಯುತ್ತದೆ, 4-1ಬಿಬಿ ಇರಲಿ ಬಿಡಲಿ. ಮೊದಲೇ ಬಣ್ಣ ಅಂಟಿಸಿರುವ ಆಂಟಿಬಾಡಿಯನ್ನೇ ತೆಗೆದುಕೊಳ್ಳಿ. ಇಲಿಗೆ ಮೊದಲೇ ಓಎಕ್ಸ್-86 ಅಥವಾ ಡಿಟಿಎ-1 ಔಷಧವಾಗಿ ಕೊಟ್ಟಿದ್ದರೆ ಅದೇ ಕ್ಲೋನ್‌ನಿಂದ ಸ್ಟೇನ್ ಮಾಡಬೇಡಿ, ಜಾಗ ಆಗಲೇ ತುಂಬಿರುತ್ತದೆ.

ಹೊಸಪೈಪೆಟ್:
ನಮ್ಮ ಇಲಿಗಳಿಗೆ ಡಿಟಿಎ-1 ಕೊಡುವ ಯೋಜನೆಯೇ ಇದೆ. ಹಾಗಾದರೆ ಜಿಐಟಿಆರ್ ಹೇಗೆ ನೋಡಲಿ?

ಇಲಿಲ್ಯಾಬ್:
ಡಿಟಿಎ-1 ರ‍್ಯಾಟ್‌ನ (ಮೌಸ್‌ಗಿಂತ ದೊಡ್ಡ ಇಲಿಯ) ಐಜಿಜಿ2ಬಿ ಬಗೆಯ ಆಂಟಿಬಾಡಿ. ಕೂತಿರುವ ಔಷಧವನ್ನು ರ‍್ಯಾಟ್ ಐಜಿಜಿ2ಬಿ ಹಿಡಿಯುವ ಎರಡನೇ ಆಂಟಿಬಾಡಿಯಿಂದ ನೋಡಿ. ಅದನ್ನು ಪ್ಯಾನೆಲ್‌ನ ಉಳಿದ ಆಂಟಿಬಾಡಿಗಳಿಗಿಂತ ಮೊದಲು ಹಾಕಿ, ತೊಳೆದು, ಸಾಮಾನ್ಯ ರ‍್ಯಾಟ್ ಸೀರಂನಿಂದ ಬ್ಲಾಕ್ ಮಾಡಿ, ಆಮೇಲೆ ಮಿಕ್ಕವನ್ನು ಹಾಕಿ. ನೀವು ಬಳಸುವ ಎಫ್‌ಸಿ ಬ್ಲಾಕ್ 2.4ಜಿ2 ಆಗಿದ್ದರೆ ಅದೂ ರ‍್ಯಾಟ್ ಐಜಿಜಿ2ಬಿ, ಹಾಗಾಗಿ ಅದನ್ನೂ ಈ ಹಂತ ಮುಗಿದ ಮೇಲೆಯೇ ಹಾಕಿ. ಜಿಐಟಿಆರ್ ಒಟ್ಟು ಎಷ್ಟಿದೆ ಅಂತ ತಿಳಿಯಬೇಕಾದರೆ ಔಷಧ ಕೊಡದ ಇಲಿಗಳ ಗುಂಪಿನ ಕೋಶಗಳನ್ನು ಟ್ಯೂಬ್‌ನಲ್ಲೇ ಡಿಟಿಎ-1 ಜೊತೆ ನೆನೆಸಿ, ಅದೇ ಎರಡನೇ ಆಂಟಿಬಾಡಿ ಹಾಕಿ ಹೋಲಿಸಿ. ಮತ್ತೆ ಈ ಔಷಧ ಗಡ್ಡೆಯ ರೆಗ್ಯುಲೇಟರಿ ಕೋಶಗಳನ್ನೇ ಕೊಲ್ಲಬಲ್ಲದು. ಜಿಐಟಿಆರ್ ಕಡಿಮೆ ಕಂಡರೆ ಕೋಶಗಳ ಸಂಖ್ಯೆಯನ್ನೂ ಎಣಿಸಿ, ಬರೀ ಶೇಕಡಾವಾರು ಸಾಲದು.